ಬೀಗ ಕಲಿತ ಕಾಲು

ಸ್ಟೋರಪ್ಪ ಆ ದಿನ ಬೆಳಿಗ್ಗೆ ಹೆಂಡತಿಯನ್ನು ಮನೆಯೊಳಗೇ ಬಿಟ್ಟು, ಹೊರಗಿನಿಂದ ಬೀಗ ಹಾಕಿಕೊಂಡು ಕೆಲಸಕ್ಕೆ ಹೊರಟುಬಿಟ್ಟ. ಬೇಕೆಂದು ಮಾಡಿದ್ದಲ್ಲ. ಬಾಗಿಲು ಎಳೆದುಕೊಂಡಾಗ ಕೈಗೆ ಬೀಗ ಸಿಕ್ಕಿತು, ಸಿಕ್ಕಿದ್ದರಿಂದ ಹಾಕಿದ, ಹಾಕಿದ್ದರಿಂದ ಮೂರು ಸಲ ಎಳೆದು ನೋಡಿದ. ಬೀದಿಯ ತಿರುವಿನವರೆಗೆ ಹೋದವನಿಗೆ ಎಂದಿನಂತೆ ಅನುಮಾನ ಹುಟ್ಟಿತು. ವಾಪಸು ಬಂದು ಮತ್ತೆ ಮೂರು ಸಲ ಎಳೆದ. ಹೆಂಡತಿ ಕಿಟಕಿಯ ಸರಳು ಹಿಡಿದುಕೊಂಡು ಒಳಗಿನಿಂದ ಇದನ್ನೆಲ್ಲ ನೋಡುತ್ತಿದ್ದಳು.

“ಬೀಗ ಚೆನ್ನಾಗಿ ಬಿದ್ದಿದೆ,” ಅಂದಳು. “ಈಗ ತೆಗೀರಿ.”

ಸ್ಟೋರಪ್ಪ ಎಂಬುದು ಅವನಿಗೆ ತಂದೆತಾಯಿ ಇಟ್ಟ ಹೆಸರಲ್ಲ. ಊರಿನ ದೊಡ್ಡ ವಿಜ್ಞಾನ ಸಂಸ್ಥೆಯಲ್ಲಿ ಸ್ಟೋರು ನೋಡಿಕೊಳ್ಳುತ್ತಿದ್ದವನಿಗೆ ಅಲ್ಲಿಯವರು ಕೊಟ್ಟ ಹೆಸರು ಅದು. ಈಗೀಗ ಹೆಂಡತಿಯ ತವರಿನವರೂ ಹಾಗೆಯೇ ಕರೆಯುತ್ತಿದ್ದರು. ಸಂಸ್ಥೆಯ ವಿಜ್ಞಾನಿಗಳಿಗೆ ಗಾಜಿನ ನಳಿಗೆ ಬೇಕಿರಲಿ, ತಾಮ್ರದ ತಂತಿ ಬೇಕಿರಲಿ, ಅವನ ಸ್ಟೋರಿನ ಬಾಗಿಲು ತೆರೆಯಬೇಕು. ಒಳ್ಳೆಯ ಮನುಷ್ಯ, ಯಾರ ಗೋಜಿಗೂ ಹೋಗುವವನಲ್ಲ, ಯಾರ ಮಾತಿಗೂ ಎದುರಾಡುವವನಲ್ಲ. ಇದ್ದ ಕಾಯಿಲೆ ಒಂದೇ. ತಾನೇ ಹಾಕಿದ ಬೀಗದ ಮೇಲೆ ಅವನಿಗೆ ನಂಬಿಕೆ ಇರಲಿಲ್ಲ.

ಈ ಕಾಯಿಲೆಯಿಂದ ಅವನ ಹೆಂಡತಿಗೆ ಸಮುದ್ರ ತಪ್ಪಿತ್ತು. ಮದುವೆಯಾದ ಹೊಸದರಲ್ಲಿ, ನಿನಗೆ ಸಮುದ್ರ ತೋರಿಸುತ್ತೇನೆ ಎಂದು ಅವನು ಮಾತು ಕೊಟ್ಟಿದ್ದ. ಮೊದಲ ಸಲ ಇಬ್ಬರೂ ರೈಲು ನಿಲ್ದಾಣದ ತನಕ ಹೋದರು. ಮನೆ ನಿಲ್ದಾಣದ ಹಿಂದಿನ ಬೀದಿಯಲ್ಲೇ ಇದ್ದದ್ದು ತೊಂದರೆಯಾಯಿತು. ಒಂದು ನಿಮಿಷ ಬೀಗ ನೋಡಿ ಬರುತ್ತೇನೆಂದು ಹೋದವನು ಬರುವಷ್ಟರಲ್ಲಿ ರೈಲು ಹೊರಟುಹೋಗಿತ್ತು. ಎರಡನೆಯ ಸಲ ರೈಲು ಹತ್ತಿ, ಪೆಟ್ಟಿಗೆಯನ್ನು ಮೇಲಿಟ್ಟು, ಕಿಟಕಿಯ ಪಕ್ಕ ಕೂತೂ ಆಗಿತ್ತು. ಅಷ್ಟಾದ ಮೇಲೂ ಇಳಿದುಹೋದ. ಗಂಡನನ್ನು ಹುಡುಕಿಕೊಂಡು ಹೆಂಡತಿಯೂ ಇಳಿದಳು. ಆ ಸಲ ಅವರ ಪೆಟ್ಟಿಗೆಯೊಂದೇ ಸಮುದ್ರದ ಊರಿಗೆ ಹೋಗಿ, ವಾರದ ಮೇಲೆ ವಾಪಸು ಬಂತು.

ಆಮೇಲೆ ವರ್ಷಗಟ್ಟಲೆ ಅವಳು ಆ ಮಾತೆತ್ತಲಿಲ್ಲ. ಹಳೆಯ ಕ್ಯಾಲೆಂಡರಿನಿಂದ ಸಮುದ್ರದ ಚಿತ್ರವೊಂದನ್ನು ಕತ್ತರಿಸಿ ಅಡುಗೆಮನೆಯ ಗೋಡೆಗೆ ಅಂಟಿಸಿಕೊಂಡಿದ್ದಳು, ಅಷ್ಟೆ. ಒಲೆಯ ಹಬೆಗೆ ಅದರ ನೀಲಿಯೆಲ್ಲ ಹೋಗಿ, ಈಗ ಅದು ಸಮುದ್ರವೋ ಸಾರು ಚೆಲ್ಲಿದ ಕಲೆಯೋ ಗೊತ್ತಾಗುತ್ತಿರಲಿಲ್ಲ. ಸ್ಟೋರಪ್ಪ ಅಡುಗೆಮನೆಗೆ ಹೋದಾಗಲೆಲ್ಲ ಆ ಗೋಡೆಯ ಕಡೆ ಮುಖ ಮಾಡುತ್ತಿರಲಿಲ್ಲ. ಅವನಿಗೆ ಹೆಂಡತಿಯೆಂದರೆ ಪ್ರಾಣ. ಇಷ್ಟು ಸಣ್ಣದೊಂದು ಆಸೆಯನ್ನು ತೀರಿಸಲಾಗಲಿಲ್ಲವಲ್ಲ ಎಂಬ ನಾಚಿಕೆ ಅವನನ್ನು ಒಳಗೊಳಗೇ ತಿನ್ನುತ್ತಿತ್ತು.

ಕೊನೆಗೆ ಅವನೇ ಧೈರ್ಯ ಮಾಡಿ ಹೆಂಡತಿಯ ಕೈಯಲ್ಲೇ ಟಿಕೆಟ್ ತೆಗೆಸಿದ್ದ. ರೈಲು ಆ ಸಂಜೆಯದು. ಬೀಗ ತೆಗೆಸಿಕೊಂಡು ಹೊರಗೆ ಬಂದ ಹೆಂಡತಿ ಬಾಗಿಲಲ್ಲಿ ನಿಂತು ಸಮಾಧಾನವಾಗಿ ಹೇಳಿದಳು:

“ಐದು ಗಂಟೆಗೆ ಗಾಡಿ. ಇದು ಮೂರನೇ ಸಲ. ಈ ಸಲ ನೀವು ಬರದೇ ಇದ್ರೆ ನಾನೊಬ್ಬಳೇ ಹೋಗಿ ನೋಡ್ಕೊಂಡು ಬರ್ತೀನಿ.”

ಸಿಟ್ಟು ಮಾಡಿಕೊಂಡು ಹೇಳಿದ್ದರೆ ಸ್ಟೋರಪ್ಪ ಇಷ್ಟು ಹೆದರುತ್ತಿರಲಿಲ್ಲ. ಎದುರುಮನೆಯ ಮೇಷ್ಟ್ರು ನಿವೃತ್ತರಾದ ಮೇಲೆ ಬೀದಿಯನ್ನೇ ತರಗತಿ ಮಾಡಿಕೊಂಡಿದ್ದರು. ಅವರು ಜಗಲಿಯಿಂದಲೇ ಬಾಯಿ ಹಾಕಿದರು. ಅನುಮಾನ ಬಂದರೆ ನನಗೊಂದು ಫೋನ್ ಮಾಡಿದರೆ ಸಾಕು, ಬೀಗ ನೋಡಿ ಹೇಳುತ್ತೇನೆ, ಅದಕ್ಕಾಗಿ ರೈಲಿನಿಂದ ಇಳಿಯುವುದು ಯಾಕೆ ಎಂದರು.

“ನೀವೇನೋ ಹೇಳ್ತೀರಿ ಮೇಷ್ಟ್ರೇ,” ಅಂದ ಸ್ಟೋರಪ್ಪ. “ಕಣ್ಣಾರೆ ನೋಡಿದ ಹಾಗಾಗುತ್ತಾ?”

ಹೆಂಡತಿ ಹಣೆ ಚಚ್ಚಿಕೊಂಡು ಒಳಗೆ ಹೋದಳು.

ಸಂಸ್ಥೆಯಲ್ಲಿ ಇನ್ನೊಂದು ಪೇಚು ಕಾದಿತ್ತು. ಸ್ಟೋರು ಮುಚ್ಚಿದರೆ ಪ್ರಯೋಗಗಳೆಲ್ಲ ನಿಲ್ಲುತ್ತವೆ ಎಂಬ ಕಾರಣಕ್ಕೆ, ನಾಲ್ಕು ವಿಭಾಗದ ಮುಖ್ಯಸ್ಥರೂ ಒಪ್ಪದೆ ಸ್ಟೋರಪ್ಪನಿಗೆ ರಜೆ ಕೊಡುವಂತಿರಲಿಲ್ಲ. ನಿರ್ದೇಶಕರು ಬಹಳ ಮೃದುವಾಗಿ, ಸಂಜೆಯೊಳಗೆ ನಾಲ್ವರನ್ನೂ ಒಪ್ಪಿಸಿಕೊಂಡು ಬನ್ನಿ, ನನ್ನದೇನೂ ಅಡ್ಡಿಯಿಲ್ಲ ಎಂದಿದ್ದರು. ಬೇಡ ಎನ್ನುವುದಕ್ಕೆ ಅವರು ಯಾವಾಗಲೂ ಇದೇ ಮಾತನ್ನು ಬಳಸುತ್ತಿದ್ದರು.

ಹಾಗಿದ್ದೂ ಕೆಲಸ ಸುಲಭವಾಗಿ ಆಗಿಬಿಡುತ್ತಿತ್ತೋ ಏನೋ. ಆದರೆ ಕಾಫಿ ಕುಡಿಯುವ ಕೋಣೆಯಲ್ಲಿ ಸ್ಟೋರಪ್ಪನ ಬಾಯಿ ಸುಮ್ಮನಿರಲಿಲ್ಲ. ಆ ಸಂಸ್ಥೆಯಲ್ಲಿ ಪ್ರಯೋಗಕ್ಕೆ ಮನುಷ್ಯರು ಬೇಕಾದಾಗ ಹೊರಗಿನವರು ಸಿಗುತ್ತಿರಲಿಲ್ಲ, ಒಳಗಿನವರೇ ಕೂರಬೇಕಿತ್ತು. ಕೂದಲು ಬೆಳೆಸುವ ಪ್ರಯೋಗಕ್ಕೆ ಕೂತ ಕಾವಲುಗಾರನಿಗೆ ಒಂದೇ ಕಡೆ ಮೀಸೆ ದಟ್ಟವಾಗಿತ್ತು. ಟೈಪಿಸ್ಟಮ್ಮನಂತೂ ಎಷ್ಟು ಸಲ ಕೂತಿದ್ದಳೆಂದರೆ, ತನ್ನ ಮಿದುಳು ವಿಜ್ಞಾನಿಗಳಿಗೆಲ್ಲ ಬಾಯಿಪಾಠವಾಗಿದೆ ಎಂದು ಹೇಳಿಕೊಳ್ಳುತ್ತಿದ್ದಳು. ಆ ದಿನವೂ ಅದೇ ಕತೆ ತೆಗೆದಾಗ ಸ್ಟೋರಪ್ಪ ಮೀಸೆಯಡಿಯಲ್ಲೇ ನಕ್ಕು, ನಾನು ಇಷ್ಟು ವರ್ಷದಲ್ಲಿ ಒಂದೇ ಒಂದು ಪ್ರಯೋಗಕ್ಕೂ ಸಿಕ್ಕವನಲ್ಲ ನೋಡಿ ಎಂದುಬಿಟ್ಟ.

ಟೈಪಿಸ್ಟಮ್ಮನ ಹೊಟ್ಟೆಯಲ್ಲಿ ಮಾತು ನಿಲ್ಲುವುದುಂಟೇ. ಸ್ಟೋರಪ್ಪನ ಲೋಟ ಖಾಲಿಯಾಗುವ ಮೊದಲೇ ನಾಲ್ಕೂ ವಿಭಾಗಕ್ಕೆ ಫೋನ್ ಹೋಗಿತ್ತು. ಯಾರ ಕೈಗೂ ಸಿಗದ ಹೊಚ್ಚ ಹೊಸ ಮನುಷ್ಯನೊಬ್ಬ ಸಂಸ್ಥೆಯಲ್ಲೇ ಉಳಿದಿದ್ದಾನೆ, ಅದೂ ಇವತ್ತು ಅವನಿಗೆ ನಿಮ್ಮಿಂದ ಆಗಬೇಕಾದ ಕೆಲಸವಿದೆ ಎಂದರೆ ಯಾವ ವಿಜ್ಞಾನಿ ಬಿಟ್ಟಾನು.

ಮೊದಲು ಸಿಕ್ಕಿದವರು ಯಂತ್ರ ವಿಭಾಗದ ಇಂಜಿನಿಯರ್. ನಡೆಯಲಾಗದ ಮುದುಕರೆಲ್ಲ ಬೆಟ್ಟ ಹತ್ತಿ ಇಳಿಯಬೇಕು ಎಂಬುದು ಅವರ ಕನಸು. ಅದಕ್ಕೆಂದು ಉಕ್ಕಿನ ಪಟ್ಟಿಗಳ ಒಂದು ಪ್ಯಾಂಟು ಮಾಡಿದ್ದರು. ಮಂಡಿಗೊಂದೊಂದು ಪುಟ್ಟ ಮೋಟಾರು, ಸೊಂಟಕ್ಕೆ ಬ್ಯಾಟರಿಯ ಪಟ್ಟಿ. ಒಂದು ದಿನ ಇದನ್ನು ಹಾಕಿಕೊಂಡು ಓಡಾಡಿ, ರಜೆಗೆ ನನ್ನ ಒಪ್ಪಿಗೆ ಇದೆ ಎಂದರು. ಸ್ಟೋರಪ್ಪ ಬೇಡ ಎನ್ನುವಷ್ಟರಲ್ಲಿ ಅವನ ಪ್ಯಾಂಟಿನ ಮೇಲೊಂದು ಪ್ಯಾಂಟು ಬಿಗಿಯಾಗಿತ್ತು.

“ಇದಕ್ಕೆ ನಾನು ಏನೂ ಕಲಿಸಿಲ್ಲ,” ಎಂದರು ಇಂಜಿನಿಯರ್ ಹೆಮ್ಮೆಯಿಂದ. “ಯಾರ ಜೊತೆ ನಡೆಯುತ್ತೋ ಅವರಿಂದಲೇ ಕಲಿಯುತ್ತೆ. ಸ್ವಲ್ಪ ಹೊತ್ತು ಜೊತೆಗಿದ್ರೆ ಸಾಕು, ನಿಮ್ಮ ಅಭ್ಯಾಸ ಪೂರ್ತಿ ಅದಕ್ಕೆ ಬಂದುಬಿಡುತ್ತೆ. ಆಮೇಲೆ ನೀವು ನಡೆಯೋದೇ ಬೇಡ.”

“ನಿಲ್ಲಿಸೋದು ಹೇಗೆ ಸಾರ್?”

ನಿಲ್ಲಿಸುವ ಗುಂಡಿ ಮುಂದಿನ ಮಾದರಿಯಲ್ಲಿ ಬರುತ್ತದೆ ಎಂದು ಇಂಜಿನಿಯರ್ ಭರವಸೆ ಕೊಟ್ಟರು.

ಅಲ್ಲಿಂದ ಸ್ಟೋರಪ್ಪ ನೇರ ಸ್ಟೋರಿಗೆ ಹೋಗಿ ಬೀಗ ಎಳೆದು ನೋಡಿದ. ಪಡಸಾಲೆಯ ಕೊನೆಯವರೆಗೆ ನಡೆದು, ಅನುಮಾನ ಬಂದು, ತಿರುಗಿ ಬಂದು ಎಳೆದ. ಮೆಟ್ಟಿಲಿಳಿದವನು ಮತ್ತೆ ಹತ್ತಿ ಬಂದು ಎಳೆದ. ಅಂದು ಒಬ್ಬೊಬ್ಬ ಮುಖ್ಯಸ್ಥರೂ ಯಾವ ಕೋಣೆಯಲ್ಲಿದ್ದಾರೆಂದು ಹುಡುಕುವ ನಡುನಡುವೆ ಅವನು ಇದನ್ನೇ ಮಾಡಿದ. ಮಂಡಿಯ ಮೋಟಾರುಗಳು ಸಣ್ಣಗೆ ಗುಂಯ್‌ಗುಟ್ಟುತ್ತ ಎಲ್ಲವನ್ನೂ ಕಲಿತುಕೊಂಡವು. ಓದಿನಲ್ಲಿ ಇಷ್ಟು ಶ್ರದ್ಧೆ ಎದುರುಮನೆಯ ಮೇಷ್ಟ್ರ ಯಾವ ಶಿಷ್ಯನಿಗೂ ಇದ್ದಿರಲಿಕ್ಕಿಲ್ಲ.

ನಿದ್ದೆ ವಿಭಾಗದ ಮೇಡಂ ಅವನಿಗಾಗಿ ಕಾದು ಕುಳಿತಿದ್ದರು. ಮನುಷ್ಯ ಅರ್ಧ ಆಯಸ್ಸನ್ನು ಮಲಗಿಯೇ ಕಳೆಯುತ್ತಾನೆ ಎಂಬುದು ಅವರ ಸಂಕಟ. ಒಂದು ಗಳಿಗೆ ಮಲಗಿದರೆ ರಾತ್ರಿಯ ನಿದ್ದೆಯೆಲ್ಲ ಮುಗಿದುಹೋಗುವ ಕಣ್ಣುಪಟ್ಟಿಯೊಂದನ್ನು ಕಂಡುಹಿಡಿದಿದ್ದರು. ಕಾಲಿಗೆ ಇದೇನು ಎಂದು ಅವರು ಕೇಳಿದಾಗ, ಬೇರೆಯವರ ಪ್ರಯೋಗಕ್ಕೆ ಆಗಲೇ ಸಿಕ್ಕಿಬಿದ್ದಿದ್ದೇನೆ ಎಂದರೆ ಇವರು ಒಪ್ಪಿಗೆ ಕೊಡಲಿಕ್ಕಿಲ್ಲವೆಂದು ಹೆದರಿ, ಸ್ಟೋರಪ್ಪ ಮಂಡಿನೋವು ಎಂದ. ಮೇಡಂ ಪಾಪ ಎಂದು ಒರಗುಕುರ್ಚಿ ತೋರಿಸಿ, ಕಣ್ಣಿಗೆ ಪಟ್ಟಿ ಕಟ್ಟಿದರು. ಅವನು ಸೊಗಸಾಗಿ ಗೊರಕೆ ಹೊಡೆಯತೊಡಗಿದ.

ಎಚ್ಚರವಾದಾಗ ಅವನು ಕುರ್ಚಿಯಲ್ಲಿರಲಿಲ್ಲ. ಸ್ಟೋರಿನ ಬಾಗಿಲ ಮುಂದೆ ನಿಂತಿದ್ದ, ಕೈ ಬೀಗದ ಮೇಲಿತ್ತು. ಹಿಂದೆ ಮೇಡಂ, ಅವರ ಹಿಂದೆ ಟೈಪಿಸ್ಟಮ್ಮ, ಅವಳ ಹಿಂದೆ ಕಾವಲುಗಾರ, ಮದುವೆಯ ದಿಬ್ಬಣದ ಹಾಗೆ ಸಾಲಾಗಿ ನಿಂತಿದ್ದರು. ಗೊರಕೆ ಹೊಡೆಯುತ್ತಲೇ ಎದ್ದು, ಒಂದು ಕಡೆಯೂ ಎಡವದೆ ಎರಡು ಮಹಡಿ ಇಳಿದು ಬಂದನಂತೆ. ನಡೆದದ್ದು ಪ್ಯಾಂಟು, ಎಳೆದು ನೋಡಿದ ಕೈ ಮಾತ್ರ ಅವನದೇ. ಮೇಡಂಗೆ ಇದು ತಿಳಿಯದು. ನಿದ್ದೆಯಲ್ಲೇ ಜನರಿಂದ ಕೆಲಸ ಮಾಡಿಸುವ ವಿದ್ಯೆ ತಮಗೆ ಸಿಕ್ಕಿಬಿಟ್ಟಿತೆಂದು ಅವರ ಕಣ್ಣಲ್ಲಿ ನೀರು ಬಂತು. ನಿರ್ದೇಶಕರಿಗೆ ಹೇಳಲು ಓಡಿದರು.

ರುಚಿ ವಿಭಾಗದ ಡಾಕ್ಟರರದು ಇನ್ನೂ ದೊಡ್ಡ ಆಸೆ. ಲೋಕದಲ್ಲಿ ಯಾರೂ ಹಸಿದಿರಬಾರದು, ಬೇಲಿಯ ಮೇಲಿನ ಸೊಪ್ಪಾದರೂ ಸರಿ, ಜನ ಚಪ್ಪರಿಸಿಕೊಂಡು ತಿನ್ನಬೇಕು. ನಾಲಿಗೆಯ ಮೇಲೆ ಅವರ ಔಷಧದ ಒಂದು ಹನಿ ಬಿದ್ದರೆ ಒಂದು ದಿನದ ತನಕ ಕಹಿಯೆಲ್ಲ ಸಿಹಿ. ಮಂಡಿನೋವಿನ ಸುಳ್ಳನ್ನು ಇಲ್ಲಿಯೂ ಒಪ್ಪಿಸಿ, ಸ್ಟೋರಪ್ಪ ನಾಲಿಗೆ ಚಾಚಿದ. ಆಮೇಲೆ ಹಸುವೂ ಮೂಸಿ ಬಿಡುವಂಥ ಸೊಪ್ಪಿನ ಮುದ್ದೆಯೊಂದನ್ನು ಬಟ್ಟಲಲ್ಲಿ ತಂದಿಟ್ಟರು. ಸ್ಟೋರಪ್ಪ ಒಂದು ಚಮಚ ತಿಂದ. ಕಣ್ಣರಳಿಸಿ ಇನ್ನೊಂದು ತಿಂದ. ಎರಡನೆಯ ಬಟ್ಟಲು ಬಡಿಸಿಕೊಂಡು, ಇದನ್ನು ಮನೆಗೊಂದಿಷ್ಟು ಕಟ್ಟಿಕೊಡಲಾಗುತ್ತದೆಯೇ ಎಂದು ಕೇಳುವಷ್ಟರಲ್ಲಿ ಕಾಲು ಎದ್ದು ನಿಂತಿತು.

ಬಾಯಿ ಊಟ ಮಾಡುತ್ತಿದೆ, ಕಾಲು ಹೊರಟಿದೆ. ನಡುವೆ ಸಿಕ್ಕಿಕೊಂಡ ಸ್ಟೋರಪ್ಪ ಬಟ್ಟಲನ್ನು ಎದೆಗವಚಿಕೊಂಡು ಬಾಗಿಲು ದಾಟಿದ. ಡಾಕ್ಟರು ಚಮಚ ಹಿಡಿದು ಹಿಂದೆ ಓಡಿದರು. ಸ್ಟೋರಿನ ಮುಂದೆ ನಿಂತು, ಎಂಜಲು ಕೈಯಿಂದಲೇ ಬೀಗವನ್ನು ಮೂರು ಸಲ ಎಳೆದ ಮೇಲೆ ಕಾಲಿಗೆ ಸಮಾಧಾನವಾಯಿತು. ಮಂಡಿನೋವಿನ ಮನುಷ್ಯ ಎರಡು ಬಟ್ಟಲು ಸೊಪ್ಪಿಗೇ ಹೀಗೆ ಓಡಿದನಲ್ಲ ಎಂದು ಡಾಕ್ಟರು ಬೆರಗಾದರು. ತಮ್ಮ ಔಷಧಕ್ಕೆ ರುಚಿಯ ಜೊತೆಗೆ ಇಂಥ ಶಕ್ತಿಯೂ ಇದೆಯೆಂದು ಹೇಳಲು ಅವರೂ ನಿರ್ದೇಶಕರ ಕೋಣೆಗೆ ಹೋದರು.

ಉಳಿದವರು ಟೋಪಿ ಪ್ರೊಫೆಸರ್ ಒಬ್ಬರೇ. ಮಾತು ಕಳೆದುಕೊಂಡವರಿಗೆ ಮಾತು ಕೊಡಬೇಕೆಂದು ಅವರು ತಂತಿಗಳ ಬಲೆಯಂಥ ಒಂದು ಟೋಪಿ ಹೆಣೆದಿದ್ದರು. ಅದನ್ನು ಹಾಕಿಕೊಂಡವರ ತಲೆಯಲ್ಲಿ ಎಲ್ಲಕ್ಕಿಂತ ಮೇಲಿರುವ ಯೋಚನೆ ಯಾವುದೋ, ಅದನ್ನು ಸೊಂಟಕ್ಕೆ ಸಿಕ್ಕಿಸಿದ ಡಬ್ಬಿ ಗಟ್ಟಿಯಾಗಿ ಒಂದೇ ಮಾತಿನಲ್ಲಿ ಹೇಳುತ್ತಿತ್ತು. ಸ್ಟೋರಪ್ಪನ ತಲೆಗೆ ಟೋಪಿ ಹಾಕುವ ಹೊತ್ತಿಗೆ ನಿರ್ದೇಶಕರೂ ಬಂದರು. ಅವರ ಜೊತೆ ಮೇಡಂ ಮತ್ತು ಡಾಕ್ಟರು, ಅವನು ನಡೆದದ್ದು ನಿದ್ದೆಯಿಂದಲೋ ಸೊಪ್ಪಿನಿಂದಲೋ ಎಂದು ಜಗಳವಾಡುತ್ತ ಬಂದರು. ಜಗಳದ ಸದ್ದಿಗೆ ಪ್ಯಾಂಟಿನ ಇಂಜಿನಿಯರ್ ಬಂದರು. ಟೈಪಿಸ್ಟಮ್ಮ ಎಲ್ಲರಿಗಿಂತ ಮೊದಲೇ ಬಂದು ಕುರ್ಚಿ ಹಿಡಿದಿದ್ದಳು.

“ನಿಮಗೆ ಇಷ್ಟವಾದದ್ದು ಏನಾದ್ರೂ ನೆನೆಸಿಕೊಳ್ಳಿ,” ಎಂದರು ಪ್ರೊಫೆಸರ್.

ಸ್ಟೋರಪ್ಪ ಕಣ್ಣು ಮುಚ್ಚಿ, ಸಮುದ್ರ ನೆನೆಸಿಕೊಳ್ಳುತ್ತೇನೆ ಎಂದ. ಎಲ್ಲರೂ ಉಸಿರು ಬಿಗಿಹಿಡಿದರು.

“ಬೀಗ,” ಎಂದಿತು ಡಬ್ಬಿ.

ಇನ್ನೊಮ್ಮೆ ಪ್ರಯತ್ನ ಮಾಡಿ ಎಂದರು. ಸ್ಟೋರಪ್ಪ ಅಲೆ ನೆನೆಸಿಕೊಂಡ, ಮರಳು ನೆನೆಸಿಕೊಂಡ, ಮುಖ ಕೆಂಪಾಗುವವರೆಗೆ ದೋಣಿ ನೆನೆಸಿಕೊಂಡ. ಡಬ್ಬಿ ಬೀಗ, ಬೀಗ, ಬೀಗ ಎಂದು ಕೂಗಿತು. ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕವರಲ್ಲಿ ನಿರ್ದೇಶಕರೂ ಒಬ್ಬರು. ಇಂಜಿನಿಯರ್ ನಗುತ್ತಲೇ ಗುಟ್ಟು ಬಿಡಿಸಿದರು: ನಿದ್ದೆಯೂ ಅಲ್ಲ, ಸೊಪ್ಪೂ ಅಲ್ಲ, ಇದು ಪ್ಯಾಂಟು, ಈ ಮನುಷ್ಯನಿಗಿರುವ ಅಭ್ಯಾಸ ಒಂದೇ, ಪ್ಯಾಂಟು ಕಲಿತದ್ದೂ ಅದೊಂದನ್ನೇ. ಮೇಡಂ ಮತ್ತು ಡಾಕ್ಟರು ಇಂಗು ತಿಂದ ಮಂಗನ ಹಾಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಈ ಸುದ್ದಿ ಇಲ್ಲಿಗೇ ಮುಗಿದರೆ ಸಾಕೆಂದು ಇಬ್ಬರೂ ಅವನ ರಜೆಗೆ ಒಪ್ಪಿಬಿಟ್ಟರು.

ಪ್ರೊಫೆಸರರು ಮಾತ್ರ ನಗಲಿಲ್ಲ. ಇಷ್ಟು ಸ್ವಚ್ಛವಾದ ತಲೆಯನ್ನು ನಾನು ನೋಡಿಯೇ ಇಲ್ಲ, ಬೇರೆ ಯಾವ ಯೋಚನೆಯೂ ಒಳಗೆ ಬಾರದ ಹಾಗೆ ಮುಚ್ಚಿಕೊಂಡಿದೆ ಎಂದು ಮೆಚ್ಚಿ ಹೇಳಿದರು. ಆ ಮೆಚ್ಚುಗೆ ಸ್ಟೋರಪ್ಪನ ಎದೆಗೆ ಚುಚ್ಚಿತು. ಹೌದಲ್ಲ, ಹೆಂಡತಿ ಅಡುಗೆಮನೆಯಲ್ಲಿ ನಿಂತು ಸಮುದ್ರ ನೋಡುತ್ತಿದ್ದ ವರ್ಷಗಳಲ್ಲೆಲ್ಲ ತನ್ನ ತಲೆಯಲ್ಲಿ ತೂಗುತ್ತಿದ್ದದ್ದು ಇದೊಂದೇ ಅಲ್ಲವೇ ಎಂದು ಅವನಿಗೆ ಅಳು ಬರುವಂತಾಯಿತು. ಹಾಳಾಗಿ ಹೋಗಲಿ, ಸ್ಟೋರೂ ಬೇಡ, ಬೀಗವೂ ಬೇಡ, ಇವತ್ತು ನಾನು ತಿರುಗಿ ನೋಡುವುದಿಲ್ಲ ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡ. ಹಬೆ ಹಿಡಿದ ಆ ಚಿತ್ರ ಕಣ್ಣ ಮುಂದೆ ಬಂತು, ಅದರ ಮುಂದೆ ಸೌಟು ಹಿಡಿದು ನಿಂತ ಹೆಂಡತಿಯೂ ಬಂದಳು.

ಡಬ್ಬಿ ಗೊರಗೊರ ಎಂದು ತಡವರಿಸಿತು. ಆಮೇಲೆ, “ಸಮುದ್ರ,” ಎಂದಿತು.

ಕೋಣೆಯಲ್ಲಿ ನಗು ನಿಂತಿತು. ಟೈಪಿಸ್ಟಮ್ಮ ಮೂಗು ಒರೆಸಿಕೊಂಡಳು. ಪ್ರೊಫೆಸರರೂ ಇಂಜಿನಿಯರರೂ ಒಪ್ಪಿಗೆ ಕೊಟ್ಟರು, ಆದರೆ ಒಂದು ಶರತ್ತಿನ ಮೇಲೆ. ಮರಳಿನಲ್ಲಿ ಪ್ಯಾಂಟು ಹೇಗೆ ನಡೆಯುತ್ತದೆ, ಸಮುದ್ರದ ಗಾಳಿಯಲ್ಲಿ ಟೋಪಿ ಹೇಗೆ ಕೆಲಸ ಮಾಡುತ್ತದೆ ಎಂದು ಅವರು ನೋಡಬೇಕಿತ್ತು. ಆದ್ದರಿಂದ ಎರಡನ್ನೂ ಹಾಕಿಕೊಂಡೇ ಹೋಗಿ ಬರಬೇಕು. ಹೆಂಡತಿಯ ಜೊತೆ ಹೋಗಲು ಬಿಟ್ಟರೆ ತಲೆಯ ಮೇಲೆ ಬುಟ್ಟಿ ಹೊತ್ತಾದರೂ ಹೋಗುತ್ತೇನೆ ಎಂದ ಸ್ಟೋರಪ್ಪ.

ಬೀಗದ ಕೈಯನ್ನು ಟೈಪಿಸ್ಟಮ್ಮನಿಗೆ ಒಪ್ಪಿಸಿ, ಅವನು ಸ್ಟೋರಿನ ಕಡೆ ಕಣ್ಣೆತ್ತಿಯೂ ನೋಡದೆ ಗೇಟು ದಾಟಿದ. ಇಷ್ಟು ಹಗುರವಾಗಿ ಅವನು ಯಾವತ್ತೂ ನಡೆದಿರಲಿಲ್ಲ. ಡಬ್ಬಿ ಸಮುದ್ರ, ಸಮುದ್ರ ಎಂದು ದಾರಿಯವರಿಗೆಲ್ಲ ಸಾರುತ್ತಿತ್ತು. ರಸ್ತೆಯ ತಿರುವು ಬಂತು.

ತಿರುವಿನಲ್ಲಿ ಕಾಲು ನಿಂತಿತು. ಒಂದು ಗಳಿಗೆ ಯೋಚನೆ ಮಾಡಿದ ಹಾಗೆ ಮಂಡಿ ಗುಂಯ್‌ಗುಟ್ಟಿ, ಪೂರ್ತಿ ಹಿಂದಕ್ಕೆ ತಿರುಗಿ, ಬಂದ ದಾರಿಯಲ್ಲೇ ಹೊರಟಿತು. ಸ್ಟೋರಪ್ಪ ಬೇಡ ಎಂದ, ದೀಪದ ಕಂಬ ತಬ್ಬಿಕೊಂಡ, ಕಂಬ ಕೈಬಿಟ್ಟಿತು. ಸ್ಟೋರಿನ ಮುಂದೆ ನಿಂತು ಕೈಗಳನ್ನು ಹಿಂದೆ ಕಟ್ಟಿಕೊಂಡು ಹಟ ಹಿಡಿದ. ಕಾಲು ಕದಲಲಿಲ್ಲ. ವಿಧಿಯಿಲ್ಲದೆ ಮೂರು ಸಲ ಎಳೆದ ಮೇಲೆ ಹೊರಟಿತು. ತಿರುವಿಗೆ ಬಂದು ಮತ್ತೆ ಹಿಂದಕ್ಕೆ ತಿರುಗಿತು. ಹೀಗೆ ಹೋಗಿ ಬಂದು, ಹೋಗಿ ಬಂದು, ಕಾವಲುಗಾರ ಪ್ರತಿ ಸಲವೂ ಸಲಾಮು ಹೊಡೆದು ಕೈ ನೋಯಿಸಿಕೊಂಡ. ಬಾಯಲ್ಲಿ ಸಮುದ್ರ, ಕಾಲಲ್ಲಿ ಸ್ಟೋರು ಇಟ್ಟುಕೊಂಡು ಓಡಾಡುವ ಈ ಮನುಷ್ಯನನ್ನು ನೋಡಲು ಎದುರಿನ ಅಂಗಡಿಯವರು ಹೊರಗೆ ಕುರ್ಚಿ ಹಾಕಿಕೊಂಡರು.

ನಾಲ್ಕನೆಯ ಸಲವೋ ಐದನೆಯ ಸಲವೋ ತಿರುವಿಗೆ ಬಂದಾಗ ಸಂಸ್ಥೆಯ ಗಡಿಯಾರ ಐದು ಹೊಡೆಯಿತು. ಸ್ಟೋರಪ್ಪನ ಜಂಘಾಬಲವೇ ಉಡುಗಿತು. ಪ್ಯಾಂಟು ಇದ್ದದ್ದರಿಂದ ಬೀಳಲಿಲ್ಲ ಅಷ್ಟೆ. ನಡೆಯುತ್ತಲೇ ಹೆಂಡತಿಗೆ ಫೋನ್ ಮಾಡಿ, ಗಾಡಿ ಹೋಯಿತು, ನಿನಗೆ ಮುಖ ತೋರಿಸುವ ಯೋಗ್ಯತೆ ನನಗಿಲ್ಲ ಎಂದು ಹೇಳಿದ. ಅವಳು ಎಲ್ಲಿದ್ದೀರಿ ಎಂದಷ್ಟೇ ಕೇಳಿದಳು. ಸ್ವಲ್ಪ ಹೊತ್ತಿನಲ್ಲಿ ಟ್ಯಾಕ್ಸಿಯೊಂದು ಬಂದು ಅವನ ಪಕ್ಕದಲ್ಲೇ ನಿಧಾನವಾಗಿ ಸಾಗತೊಡಗಿತು.

“ಗಾಡಿ ಇರೋದು ಆರಕ್ಕೆ,” ಎಂದಳು ಹೆಂಡತಿ ಕಿಟಕಿಯಿಂದ. “ನಿಮಗೆ ಐದು ಅಂತ ಹೇಳಿದ್ದೆ. ನಿಮ್ಮ ಜೊತೆ ಇಷ್ಟು ವರ್ಷ ಬಾಳಿದ್ದೀನಿ, ಅಷ್ಟು ಗೊತ್ತಾಗಲ್ವಾ. ಹತ್ತಿ.”

ಹತ್ತುವುದು ಹೇಗೆ, ಕಾಲು ಸ್ಟೋರಿನ ಕಡೆ ಹೊರಟಿತ್ತು. ಕಾವಲುಗಾರನೂ ಟ್ಯಾಕ್ಸಿಯವನೂ ಸೇರಿ ಅವನನ್ನು ಅಕ್ಕಿಮೂಟೆಯ ಹಾಗೆ ಎತ್ತಿ ಒಳಗೆ ಹಾಕಿದರು. ದಾರಿಯುದ್ದಕ್ಕೂ ಅವನ ಕಾಲು ಮುಂದಿನ ಸೀಟಿಗೆ ಒದೆಯುತ್ತಲೇ ಇತ್ತು. ಇವರು ಸೈಕಲ್ ಹೊಡೀತಿದಾರಾ ಎಂದು ಟ್ಯಾಕ್ಸಿಯವನು ಕೇಳಿದ. ಸ್ಟೋರಪ್ಪ ಹೆಂಡತಿಗೆ ಬೆಳಿಗ್ಗೆಯಿಂದ ನಡೆದದ್ದನ್ನೆಲ್ಲ ಒಪ್ಪಿಸಿದ. ಅವಳು ಬೈಯಲಿಲ್ಲ.

ರೈಲಿನಲ್ಲಿ ಅವರ ಜಾಗ ಕಿಟಕಿಯ ಪಕ್ಕದಲ್ಲೇ ಇತ್ತು. ಪೋರ್ಟರು ಪೆಟ್ಟಿಗೆಗಳನ್ನು ಮೇಲಿಟ್ಟು, ಸ್ಟೋರಪ್ಪನನ್ನು ಕೆಳಗಿಟ್ಟು ಹೋದ. ಈ ಸಲ ಗಂಡ ಇಳಿಯದಿರಲೆಂದು ಹೆಂಡತಿ ಮೊದಲೇ ಬಟ್ಟೆ ಒಣಗಿಸುವ ಹಗ್ಗ ತಂದಿದ್ದಳು. ಕೆಳಗೆ ಕೂತು ಗಂಡನ ಎರಡೂ ಕಾಲುಗಳನ್ನು ಬೆಂಚಿನ ಕಬ್ಬಿಣದ ಕಾಲಿಗೆ ಸೇರಿಸಿ ಬಿಗಿದು ಕಟ್ಟಿದಳು. ಒಂದು ಗಂಟು ಹಾಕಿ ಮೂರು ಸಲ ಎಳೆದು ನೋಡಿದಳು. ಇನ್ನೊಂದು ಗಂಟು ಹಾಕಿ ಅದನ್ನೂ ಎಳೆದು ನೋಡಿದಳು. ಪ್ಯಾಂಟು ಒದ್ದಾಡಿತು, ಹಗ್ಗ ಜಪ್ಪಯ್ಯ ಎನ್ನಲಿಲ್ಲ.

ಸ್ಟೋರಪ್ಪನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ನಿಲ್ದಾಣದ ಕಾಫಿ ತರಿಸಿ ಕುಡಿದ. ಎದುರಿಗೆ ಕೂತಿದ್ದ ಪ್ರಯಾಣಿಕರು ಒಂದು ಗುಟುಕಿಗೇ ಮುಖ ಸಿಂಡರಿಸಿ ಲೋಟ ಕೆಳಗಿಟ್ಟ ಕಾಫಿ ಅದು. ಅವನಿಗೆ ಅಮೃತದ ಹಾಗಿತ್ತು. ಹೆಂಡತಿ ಪಕ್ಕದಲ್ಲಿ ಬಂದು ಕೂತಳು. ಡಬ್ಬಿ ತನ್ನ ಪಾಡಿಗೆ ಸಮುದ್ರ, ಸಮುದ್ರ ಎನ್ನುತ್ತಿತ್ತು. ಅವಳು ಅದನ್ನು ಸ್ವಲ್ಪ ಹೊತ್ತು ಕೇಳಿದಳು.

“ನಿಜವಾಗ್ಲೂ ತಲೇಲಿ ಅದೇ ಇದೆಯಾ?”

“ಅದೇ ಕಣೇ,” ಎಂದ ಸ್ಟೋರಪ್ಪ. “ಬೇರೆ ಏನೂ ಇಲ್ಲ.”

ಅವಳ ಕಣ್ಣು ತುಂಬಿ ಬಂತು. ಸೆರಗಿನಿಂದ ಒರೆಸಿಕೊಂಡು, ನಗುತ್ತ, ಅವನ ತಲೆಯ ಮೇಲೆ ಓರೆಯಾಗಿದ್ದ ಟೋಪಿಯನ್ನು ಸರಿ ಮಾಡಿದಳು. ಮದುವೆಯ ದಿನದ ನಂತರ ಆ ಇಬ್ಬರೂ ಅಷ್ಟು ಹತ್ತಿರ ಕೂತದ್ದು ಅದೇ ಮೊದಲೇನೋ. ಹೊರಡಲು ಇನ್ನೂ ಸ್ವಲ್ಪ ಸಮಯವಿತ್ತು. ಮುಂದಿನ ಬೋಗಿಯ ಕಡೆಯಿಂದ ಯಾರೋ ಕಿಟಕಿ ಎಳೆದು ಚಿಲಕ ಹಾಕಿದ ಸದ್ದಾಯಿತು.

ಆ ಸದ್ದಿಗೆ ಹೆಂಡತಿಯ ಮುಖದ ನಗು ಹಾಗೆಯೇ ನಿಂತುಬಿಟ್ಟಿತು. ಚೀಲದೊಳಗೆ ಕೈ ಹಾಕಿ ಮನೆಯ ಬೀಗದ ಕೈ ತೆಗೆದು, ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು.

“ರೀ,” ಎಂದಳು. “ನಾನು ಬೀಗ ಹಾಕಿದ್ನಾ?”

“ಹಾಕಿರ್ತೀಯ ಬಿಡೇ,” ಎಂದ ಸ್ಟೋರಪ್ಪ ಆರಾಮವಾಗಿ. ಅವನ ಬಾಯಿಂದ ಇಂಥ ಮಾತು ಬರಬಹುದೆಂದು ಅವನೇ ಎಣಿಸಿರಲಿಲ್ಲ.

“ಹಾಕಿದ್ದು ನೆನಪಿದೆ. ಎಳೆದು ನೋಡಿದ್ದು ನೆನಪಿಲ್ಲ. ನೀವು ಫೋನ್ ಮಾಡಿದ್ರಲ್ಲ, ಅದೇ ಗಾಬರೀಲಿ ಓಡಿ ಬಂದೆ.”

“ಮೇಷ್ಟ್ರಿಗೆ ಫೋನ್ ಮಾಡು. ನೋಡಿ ಹೇಳ್ತಾರೆ.”

“ಮೇಷ್ಟ್ರೇನೋ ಹೇಳ್ತಾರೆ,” ಎಂದು ಅವಳು ಆಗಲೇ ಎದ್ದು ನಿಂತಳು. “ಕಣ್ಣಾರೆ ನೋಡಿದ ಹಾಗಾಗುತ್ತಾ? ಹಿಂದಿನ ಬೀದೀನೇ ಅಲ್ವಾ, ಒಂದೇ ನಿಮಿಷ. ನೀವು ಕೂತಿರಿ.”

ಕೂತಿರದೆ ಅವನು ಮಾಡುವುದಾದರೂ ಏನು. ಅವಳ ಸೆರಗು ಬಾಗಿಲಲ್ಲಿ ಮರೆಯಾಯಿತು. ಯಾರ ಜೊತೆ ನಡೆಯುತ್ತೋ ಅವರಿಂದಲೇ ಕಲಿಯುತ್ತೆ ಎಂದು ಬೆಳಿಗ್ಗೆ ಇಂಜಿನಿಯರ್ ಹೇಳಿದ್ದು ಸ್ಟೋರಪ್ಪನಿಗೆ ಆಗ ನೆನಪಾಯಿತು. ಪ್ಯಾಂಟು ಅವನ ಜೊತೆ ನಡೆದದ್ದು ಒಂದು ದಿನ. ಅವಳು ಮದುವೆಯಾದಾಗಿನಿಂದ ನಡೆದಿದ್ದಳು.

ರೈಲು ಕೂಗಿ, ಒಮ್ಮೆ ಜಗ್ಗಿ, ಮೆಲ್ಲಗೆ ಹೊರಟಿತು. ಸ್ಟೋರಪ್ಪ ಬಗ್ಗಿ ಗಂಟಿಗೆ ಕೈ ಹಾಕಿದ. ಉಗುರು ಮುರಿಯಿತು, ಗಂಟು ಸಡಿಲವಾಗಲಿಲ್ಲ. ಎದುರಿನ ಪ್ರಯಾಣಿಕರೂ ಎದ್ದು ಬಂದು ತಲೆಗೊಂದು ಕೈ ಎಳೆದು ನೋಡಿ, ಯಾರು ಕಟ್ಟಿದ್ದೋ ಬಲು ಗಟ್ಟಿಗರು ಎಂದು ತಮ್ಮ ಜಾಗಕ್ಕೆ ಹೋದರು. ಪ್ಯಾಂಟು ಪಾಪ ಬೆಳಿಗ್ಗೆಯಿಂದ ಮೊದಲ ಸಲ ಅವನು ಬಯಸಿದ ಕಡೆಗೇ ಹೋಗಲು ಒದ್ದಾಡುತ್ತಿತ್ತು. ಕಿಟಕಿಯ ಹೊರಗೆ ನಿಲ್ದಾಣ ಹಿಂದೆ ಸರಿಯಿತು, ಹಿಂದಿನ ಬೀದಿಯೂ ಸರಿಯಿತು. ಮುಂದೆ ಇಡೀ ರಾತ್ರಿಯ ಪ್ರಯಾಣವಿತ್ತು. ನಿದ್ದೆಯಂತೂ ಮಧ್ಯಾಹ್ನವೇ ಮುಗಿದುಹೋಗಿತ್ತು.

ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಹೆಂಡತಿ ಏದುಸಿರು ಬಿಡುತ್ತಿದ್ದಳು.

“ಬೀಗ ಹಾಕಿತ್ತು ರೀ. ಮೂರು ಸಲ ಎಳೆದು ನೋಡ್ದೆ.”

“ಗಾಡಿ ಹೊರಟುಬಿಡ್ತು ಕಣೇ,” ಎಂದ ಸ್ಟೋರಪ್ಪ ಸಣ್ಣ ದನಿಯಲ್ಲಿ. “ಇನ್ನೊಂದು ಗಾಡಿ ರಾತ್ರಿ ಇದೆ. ಅದಕ್ಕೆ ಹತ್ಕೊಂಡು ಬಂದುಬಿಡು. ನಾನು ಅಲ್ಲೇ ಸ್ಟೇಷನ್ನಲ್ಲಿ ಕಾಯ್ತಿರ್ತೀನಿ. ಈಗೆಲ್ಲಿದ್ದೀಯ?”

“ಬೀದಿ ತಿರುವಿಗೆ ಬಂದೆ. ಟಿಕೆಟ್ ತಗೊಳ್ಳೋಕೇ ಹೊರಟಿದ್ದೆ.” ಆಮೇಲೆ ಅವಳ ಚಪ್ಪಲಿಯ ಸದ್ದು ನಿಂತು, ಹಿಂದಕ್ಕೆ ತಿರುಗಿದ್ದು ಫೋನಿನಲ್ಲಿ ಸ್ಪಷ್ಟವಾಗಿ ಕೇಳಿಸಿತು. “ತಾಳಿ, ಇನ್ನೊಂದ್ಸಲ ನೋಡಿ ಬಂದುಬಿಡ್ತೀನಿ.”